ಅತ್ತಿ ಕುಲದ ಕಾಗದ

ಕೋರ್ಟಿಗೆ ಹೊರಟ ದಿನ ಪಿಳ್ಳಪ್ಪ ರುಮಾಲನ್ನು ಮೂರು ಸಲ ಕಟ್ಟಿ ಮೂರು ಸಲ ಬಿಚ್ಚಿದ. ನಾಲ್ಕನೇ ಸಲಕ್ಕೆ ಹೆಂಡತಿ ಯಲ್ಲಮ್ಮ ಕನ್ನಡಿ ಹಿಡಿದು ನಿಲ್ಲಬೇಕಾಯಿತು.

"ಮದ್ವೆಗೆ ಓಗೋರಂಗೆ ಏನಿದು ಸಿಂಗಾರ?" ಅಂದಳು.

"ಮದ್ವೆಗಲ್ಲ ಕಣೇ, ತಿಥಿಗೆ. ಆ ಬೇವರ್ಸಿ ಆಕಿರೋ ಕೇಸಿಗೆ ಇವತ್ತು ತಿಥಿ ಮಾಡಿ ಬತ್ತೀನಿ."

ಬೇವರ್ಸಿ ಅಂದದ್ದು ಚಿಕ್ಕಬೈರಪ್ಪನನ್ನು. ಪಿಳ್ಳಪ್ಪನ ಅಪ್ಪ ದೊಡ್ಡಮುನಿಯಪ್ಪನಿಗೆ ಎರಡನೇ ಹೆಂಡತಿಯಲ್ಲಿ ಹುಟ್ಟಿದ ಮಗ ಅವನು, ಅಂದರೆ ಪಿಳ್ಳಪ್ಪನಿಗೆ ತಮ್ಮ. ಜಕ್ಕೂರಿನಲ್ಲಿ ಪಿಳ್ಳಪ್ಪನ ಎದುರಿಗೆ ಈ 'ತಮ್ಮ' ಎಂಬ ಮಾತನ್ನು ಒಂದು ಸಲ ಎತ್ತಿದವರು ಎರಡನೇ ಸಲ ಎತ್ತಿದ್ದಿಲ್ಲ. ಜಗಳ ಕೆರೆಯ ತೂಬಿನ ಕೆಳಗಿನ ಎರಡು ಎಕರೆ ಗದ್ದೆಯದು. ತೂಬು ಎತ್ತಿದರೆ ಮೊದಲು ನೀರು ಕುಡಿಯುವ ಗದ್ದೆ. ಊರಿಗೆಲ್ಲ ಬೆಳೆ ಒಣಗಿದ ವರ್ಷವೂ ಅದು ಹಸಿರಾಗಿರುತ್ತಿತ್ತು. ಅದರಲ್ಲಿ ಅರ್ಧ ನನ್ನದು ಎಂದು ಚಿಕ್ಕಬೈರಪ್ಪ ದಾವಾ ಹಾಕಿದ್ದ. ಭಾಗವಾಗಿ ತೂಬಿನ ಕಡೆಯ ಅರ್ಧ ಅವನ ಪಾಲಿಗೆ ಹೋದರೆ, ಪಿಳ್ಳಪ್ಪ ಅವನ ಬದುವಿನ ಮೇಲೆ ನಿಂತು ನೀರು ಬಿಡಪ್ಪಾ ಎಂದು ಕೇಳಬೇಕಾಗಿತ್ತು. ಅದಕ್ಕಿಂತ ವಿಷ ಕುಡಿಯುವುದು ಲೇಸು ಎಂದು ಅವನು ಊರ ಕಟ್ಟೆಯ ಮೇಲೆ ಕೂತೇ ಹೇಳಿದ್ದ.

ಇಷ್ಟೇ ಆಗಿದ್ದರೆ ಊರಿಗೊಬ್ಬ ಜಗಳಗಂಟ ಎಂದು ಸುಮ್ಮನಾಗಬಹುದಿತ್ತು. ಆದರೆ ಪಿಳ್ಳಪ್ಪ ಅತ್ತಿ ಕುಲದ ಯಜಮಾನ. ಅತ್ತಿ ಮರ ಕಡಿಯದ, ಅತ್ತಿ ಸೌದೆ ಒಲೆಗಿಡದ ಆ ಕುಲದವರೆಲ್ಲ ಒಬ್ಬರಿಗೊಬ್ಬರು ಅಣ್ಣ ತಂಗಿಯರು, ಅವರೊಳಗೆ ಮದುವೆಯಿಲ್ಲ. ಹಾಗಾಗಿ ಯಲಹಂಕದಿಂದ ಮಾಕಳಿಯವರೆಗೆ ಏಳು ಊರಿನವರು ಹೆಣ್ಣು ಕೊಡುವ ಮೊದಲು, ತರುವ ಮೊದಲು ಅವನನ್ನು ಕೇಳಬೇಕು. ಯಾರು ಯಾವ ಕುಲ, ಯಾರ ಅಜ್ಜಿ ಎಲ್ಲಿಂದ ಬಂದವಳು, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಅವನು 'ಆಗದು' ಅಂದರೆ ಹಾಕಿದ ಚಪ್ಪರವೂ ಇಳಿಯುತ್ತಿತ್ತು. ಹೀಗೆ ಮೂವತ್ತು ವರ್ಷ ಬೇರೆಯವರ ಮನೆಯ ಚಪ್ಪರ ಏರಿಸಿ ಇಳಿಸಿದ ಮನುಷ್ಯನಿಗೆ ತನ್ನ ಮಾತಿನ ಮೇಲೆ ಎಷ್ಟು ಜಂಬವಿರಬೇಕೋ ಅಷ್ಟೂ ಇತ್ತು. ಬೇಕಾದ್ದಕ್ಕಿಂತ ಒಂದು ಸೇರು ಹೆಚ್ಚೇ ಇತ್ತು.

ದಾವಾ ಬಂದ ಹೊಸತರಲ್ಲಿ ಅವನು ಬೆಂಗಳೂರಿನ ವಕೀಲರ ಮನೆಗೆ ಹೋಗಿದ್ದ. ವಕೀಲರು ಕನ್ನಡಕ ಏರಿಸಿಕೊಂಡು, ಬೆರಳು ಒದ್ದೆ ಮಾಡಿಕೊಂಡು ಹಾಳೆ ಹಾಳೆ ತಿರುವಿದರು.

"ಯಜಮಾನ್ರೆ, ಅವನ ತಾಯಿ ಪಟಾಲಮ್ಮನನ್ನ ನಿಮ್ಮ ತಂದೆ ಕೂಡಾವಳಿ ಮಾಡಿಕೊಂಡಿದ್ರು ಅಂತ ಬರೆದಿದಾನೆ. ನಿಜವೇ?"

ಕೂಡಾವಳಿ ಎಂದರೆ ಗಂಡ ಸತ್ತವಳಿಗೆ ಕುಲದವರ ಎದುರು ಹೊಸ ಸೀರೆ ಕೊಟ್ಟು ಮನೆ ತುಂಬಿಸಿಕೊಳ್ಳುವ ಶಾಸ್ತ್ರ. ಓಲಗವಿಲ್ಲ, ಚಪ್ಪರವಿಲ್ಲ, ಒಂದು ದೀಪ, ಒಂದು ಸೀರೆ, ನಾಲ್ಕು ಜನ ಹಿರಿಯರು. ಪಿಳ್ಳಪ್ಪ ರುಮಾಲು ಸರಿಮಾಡಿಕೊಂಡ.

"ಅದನ್ನ ಕಂಡೋರು ಯಾರಾದ್ರೂ ಬದುಕಿದಾರೆಯೇ?"

"ಎಲ್ಲ ಮಣ್ಣಾಗವ್ರೆ ಸ್ವಾಮಿ."

ವಕೀಲರ ಮುಖ ಅರಳಿತು. "ಹಾಗಾದ್ರೆ ನಾವು ಒಪ್ಪಬಾರದು. ನಾವು ಅಲ್ಲ ಅಂದ್ರೆ ಸಾಬೀತು ಮಾಡೋ ಹೊರೆ ಅವನದು. ಸಾಕ್ಷಿ ತರಬೇಕು, ವಿಚಾರಣೆ ಆಗಬೇಕು. ಎಂಟು ವರ್ಷ ಆದ್ರೂ ಎಳೀಬಹುದು."

"ಆ ಮುದುಕಿ ಈಗ್ಲೇ ಕೆಮ್ಮಿ ಕೆಮ್ಮಿ ಸಾಯ್ತಾವ್ಳೆ. ಎಂಟು ವರ್ಸ ಎಲ್ಲಿ?" ಎಂದು ಪಿಳ್ಳಪ್ಪ ನಕ್ಕ. ಆಮೇಲೆ ತಾನೇ ಮುಂದಾಗಿ, ದಾವಾಕ್ಕೆ ಉತ್ತರವಾಗಿ ಕೋರ್ಟಿಗೆ ಕೊಡುವ ಜವಾಬಿಗೆ ಸಾಲು ಒದಗಿಸಿದ: ಪಟಾಲಮ್ಮ ಬರುವಾಗಲೇ ಮೊದಲ ಗಂಡನ ಮಗುವನ್ನು ಹೊಟ್ಟೆಯಲ್ಲಿ ಹೊತ್ತು ಬಂದಳು, ಚಿಕ್ಕಬೈರಪ್ಪ ನಮ್ಮ ರಕ್ತವೇ ಅಲ್ಲ, ನಮ್ಮ ಕುಲವೂ ಅಲ್ಲ.

ವಕೀಲರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು, ಕೊನೆಗೊಂದು ಮಾತು ಕೇಳಿದರು. "ಇದಕ್ಕೆ ವಿರುದ್ಧವಾಗಿ ಎಲ್ಲಾದರೂ ಬರೆದುಕೊಟ್ಟಿದ್ದೀರಾ? ಯಾವುದಾದರೂ ಪತ್ರ, ಅರ್ಜಿ? ಯೋಚನೆ ಮಾಡಿ ಹೇಳಿ. ನೀವೇ ಒಪ್ಪಿಕೊಂಡ ಮಾತು ಸಿಕ್ಕಿಬಿಟ್ಟರೆ ಅವರಿಗೆ ಸಾಕ್ಷಿಯೇ ಬೇಕಾಗಲ್ಲ."

"ಗದ್ದೆ ಇಸ್ಯದಲ್ಲಿ ನಾನು ಒಂದಕ್ಷರ ಬರೆದಿಲ್ಲ," ಎಂದ ಪಿಳ್ಳಪ್ಪ.

ಅದು ಸುಳ್ಳಲ್ಲ. ಗದ್ದೆಯ ವಿಷಯದಲ್ಲಿ ಅವನು ಬರೆದಿರಲಿಲ್ಲ. ಬರೆದದ್ದು ಮದುವೆಯ ವಿಷಯದಲ್ಲಿ. ಕುಲದ ಮಾತು ಕುಲಕ್ಕೆ, ಕೋರ್ಟಿನ ಮಾತು ಕೋರ್ಟಿಗೆ, ಇದಕ್ಕೂ ಅದಕ್ಕೂ ಏನು ನಂಟು ಎಂದು ಅವನು ನಿಜವಾಗಿಯೂ ತಿಳಿದಿದ್ದ. ಏಳು ಊರಿನ ನಂಟು ಬಲ್ಲವನಿಗೆ ಈ ಒಂದು ನಂಟು ಹೊಳೆಯಲಿಲ್ಲ.

ಆ ಮದುವೆಯ ಕಥೆ ಹತ್ತು ವರ್ಷ ಹಿಂದಿನದು. ಸಾವಿರದ ಒಂಬೈನೂರ ಐವತ್ತರಲ್ಲಿ ದೊಡ್ಡಮುನಿಯಪ್ಪ ಸತ್ತ. ಹನ್ನೊಂದನೇ ದಿನ ಕಳೆಯುತ್ತಲೇ ಪಿಳ್ಳಪ್ಪ ಪಟಾಲಮ್ಮನ ಪಾತ್ರೆಗಳನ್ನು ಬೀದಿಗೆ ಇಟ್ಟ. ಇಪ್ಪತ್ತು ಜನ ನೋಡುತ್ತಿದ್ದಂತೆ, ಇವಳು ನಮ್ಮಪ್ಪ ಇಟ್ಟುಕೊಂಡ ಸೂಳೆ, ಇವನು ಯಾರಿಗೋ ಹುಟ್ಟಿದವನು ಎಂದ. ತಾಯಿ ಮಗ ಊರ ಹೊರಗೆ ಗುಡಿಸಲು ಹಾಕಿಕೊಂಡು, ಯಶವಂತಪುರದ ಸಂತೆಗೆ ತರಕಾರಿ ಹೊತ್ತು ಬದುಕಿದರು. ಆ ಸಂತೆಯಲ್ಲೇ ಚಿಕ್ಕಬೈರಪ್ಪನ ಕಣ್ಣಿಗೆ ಗೌರಮ್ಮ ಬಿದ್ದದ್ದು. ಮಾಕಳಿಯ ನರಸಯ್ಯನ ಒಬ್ಬಳೇ ಮಗಳು, ಅತ್ತಿ ಕುಲದ ಹುಡುಗಿ.

ಅತ್ತಿ ಕುಲದವಳನ್ನು ಅತ್ತಿ ಕುಲದವನು ನೋಡುವ ಹಾಗಿಲ್ಲ. ಆದರೆ ಚಿಕ್ಕಬೈರಪ್ಪ ಒಳ್ಳೇ ಲೆಕ್ಕ ಹಾಕಿದ. "ನನ್ನ ರಕ್ತ ಅಲ್ಲ ಅಂತ ಯಜಮಾನ್ರೇ ಬೀದೀಲಿ ನಿಂತು ಏಳವ್ರೆ. ಅಂಗಾದ್ಮೇಲೆ ಅತ್ತಿ ಕುಲದ ಎಣ್ಣು ನಂಗ್ಯಾಕೆ ಆಗ್ಬಾರ್ದು?" ಎಂದು ಕೇಳಿದ. ನರಸಯ್ಯನಿಗೂ ಅದು ಸರಿಯೆನಿಸಿತು. ಪಟಾಲಮ್ಮ ಮಾತ್ರ ಬಾಯಿ ಬಿಡಲಿಲ್ಲ. ತನ್ನನ್ನು ಸೂಳೆ ಎಂದ ಮಾತನ್ನೇ ಮಗ ಮದುವೆಗೆ ಮೆಟ್ಟಿಲು ಮಾಡಿಕೊಂಡಾಗ ಅವಳ ಹೊಟ್ಟೆ ಎಷ್ಟು ಉರಿಯಿತೋ ಅವಳಿಗೇ ಗೊತ್ತು. ಮಗ ಸುಖವಾಗಿರಲಿ ಎಂದು ನುಂಗಿಕೊಂಡಳು.

ಸುದ್ದಿ ಕೇಳಿ ಪಿಳ್ಳಪ್ಪನಿಗೆ ಮೂರು ದಿನ ಅನ್ನ ಸೇರಲಿಲ್ಲ. ನರಸಯ್ಯ ತೋಟ ಇದ್ದವನು, ಗಟ್ಟಿ ಕುಳ. ಅಂಥ ಮಾವ ಬೆನ್ನಿಗೆ ಬಂದರೆ ಗುಡಿಸಲಿನವನು ಎದ್ದು ನಿಲ್ಲುತ್ತಾನೆ. ನಾಲ್ಕನೇ ದಿನ ಪಿಳ್ಳಪ್ಪ ಕಾಗದ ತೆಗೆದು, ಯಾರ ಕೈಯಲ್ಲೂ ಬರೆಸದೆ, ತನ್ನ ದುಂಡು ಅಕ್ಷರದಲ್ಲಿ ತಾನೇ ಬರೆದ. ಜೀವಮಾನದಲ್ಲಿ ಚಿಕ್ಕಬೈರಪ್ಪನ ಬಗ್ಗೆ ಅವನು ಹೇಳಿದ ಒಂದೇ ಒಂದು ನಿಜ ಅದು, ಅದನ್ನೂ ಹೇಳಿದ್ದು ಅವನ ಮನೆ ಹಾಳು ಮಾಡಲಿಕ್ಕೆ.

ಮದುವೆ ಮುರಿಯಿತು. ಚಿಕ್ಕಬೈರಪ್ಪ ಮತ್ತೆ ಹೆಣ್ಣು ನೋಡಲಿಲ್ಲ. ಗೌರಮ್ಮನೂ ಬಂದ ಗಂಡುಗಳನ್ನೆಲ್ಲ ಒಲ್ಲೆನೆಂದು ಮನೆಯಲ್ಲೇ ಉಳಿದಳು. ನರಸಯ್ಯ ತೀರಿಕೊಂಡ. ಕಾಗದ ಅವನ ಪೆಟ್ಟಿಗೆಯಲ್ಲಿ ಉಳಿಯಿತು. ಪಿಳ್ಳಪ್ಪ ಅದನ್ನು ಮರೆತ.

ಇವತ್ತು ಕೋರ್ಟಿಗೆ ಹೊರಟ ಬಸ್ಸು ಹೆಬ್ಬಾಳದ ಕೆರೆ ಏರಿಯ ಮೇಲೆ ಬರುವಾಗ ಅವನು ಮನಸ್ಸಿನಲ್ಲೇ ಎಂಟು ವರ್ಷದ ಬೆಳೆ ತೆಗೆಯುತ್ತಿದ್ದ. ಕೋರ್ಟಿನ ಹಾಲಿಗೆ ಕಾಲಿಟ್ಟವನು ಸುತ್ತ ನೋಡಿದ. ಹಿಂದಿನ ಬೆಂಚುಗಳಲ್ಲಿ ಕುಲದವರು ಎಂಟು ಹತ್ತು ಜನ ಕೂತಿದ್ದರು. ಯಲಹಂಕದ ಚಿಕ್ಕಮಾರಯ್ಯ ಇದ್ದ. ಗೋಡೆಯ ಪಕ್ಕ ಪಟಾಲಮ್ಮ ಸೆರಗು ಬಾಯಿಗಿಟ್ಟು ಕೆಮ್ಮುತ್ತಿದ್ದಳು, ಮಗ ಅವಳ ಬೆನ್ನು ಸವರುತ್ತಿದ್ದ. ಅವರಿಂದ ದೂರ, ಬಾಗಿಲ ಹತ್ತಿರ, ಹಸಿರು ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. ಗೌರಮ್ಮ ಎಂದು ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಚಿಕ್ಕಬೈರಪ್ಪನ ವಕೀಲ ಜಮೀರ್ ಸಾಹೇಬರು ಎದ್ದರು. ಸಣ್ಣ ದನಿಯ ಮನುಷ್ಯ, ಗಂಟಲು ಹರಿದುಕೊಳ್ಳುವ ಪೈಕಿ ಅಲ್ಲ.

"ಸ್ವಾಮಿ, ವಿಚಾರಣೆಯೇ ಬೇಡ ಎಂದು ಒಂದು ಅರ್ಜಿ ಕೊಡುತ್ತಿದ್ದೇನೆ. ಈ ದಾವಾದಲ್ಲಿ ತಕರಾರು ಒಂದೇ. ವಾದಿ ದೊಡ್ಡಮುನಿಯಪ್ಪನ ಮಗನೋ ಅಲ್ಲವೋ. ಮಗ ಎಂದು ಪ್ರತಿವಾದಿಯೇ ಒಪ್ಪಿಕೊಂಡು ಬರೆದ ಪತ್ರ ಇಲ್ಲಿದೆ. ಒಪ್ಪಿದ ಮಾತಿನ ಮೇಲೆ ತೀರ್ಪು ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಒಪ್ಪಿಗೆ ಜವಾಬಿನಲ್ಲೇ ಇರಬೇಕೆಂದಿಲ್ಲ, ಹೊರಗೆ ಬರೆದದ್ದಾದರೂ ಸಾಕು."

ಮುನ್ಸೀಫರು ಇನ್ನೂ ನಲವತ್ತು ದಾಟದವರು. ಕಾಗದ ಬಿಡಿಸಿ ಗಟ್ಟಿಯಾಗಿ ಓದಿದರು.

"ಮಾಕಳಿ ನರಸಯ್ಯನವರಿಗೆ ಜಕ್ಕೂರಿನ ಅತ್ತಿ ಕುಲದ ಯಜಮಾನ ಪಿಳ್ಳಪ್ಪ ಬರೆದದ್ದು. ಚಿಕ್ಕಬೈರಪ್ಪನಿಗೆ ಹೆಣ್ಣು ಕೊಡುತ್ತೀರೆಂದು ಕೇಳಿದೆ. ಸದರಿಯವನು ನಮ್ಮ ತಂದೆಯವರು ಪಟಾಲಮ್ಮನನ್ನು ಕುಲದ ಎದುರು ಕೂಡಾವಳಿ ಮಾಡಿಕೊಂಡ ಮೂರನೇ ವರ್ಷ ನಮ್ಮ ಮನೆಯಲ್ಲೇ ಹುಟ್ಟಿದವನು. ಆ ಶಾಸ್ತ್ರದಲ್ಲಿ ದೀಪ ಹಿಡಿದವನು ನಾನು. ಅವನು ನಮ್ಮ ತಂದೆಯ ಸ್ವಂತ ಮಗ, ಅತ್ತಿ ಕುಲ. ನಿಮ್ಮ ಮಗಳು ಅವನಿಗೆ ತಂಗಿಯಾಗಬೇಕು. ಇದರಲ್ಲಿ ಸುಳ್ಳಿದ್ದರೆ ನನ್ನ ಯಜಮಾನಿಕೆ ಮಣ್ಣಾಗಲಿ."

ಓದಿ ಮುಗಿಸಿ, "ಈಗಿನ ಕಾನೂನಿನಲ್ಲಿ ಒಂದೇ ಕುಲದವರೂ ಮದುವೆಯಾಗಬಹುದಲ್ಲ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಹಿಂದಿನ ಬೆಂಚಿನಲ್ಲಿ ಯಾರೋ ಮುಸಿಮುಸಿ ನಕ್ಕರು. ಕಾನೂನು ಏನಾದರೂ ಹೇಳಲಿ, ಏಳು ಊರಿನಲ್ಲಿ ಅದನ್ನು ನಂಬಿ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಪಿಳ್ಳಪ್ಪನ ವಕೀಲರು ಎದ್ದು, ಈ ಪತ್ರ ಈಗ ತಾನೇ ನೋಡುತ್ತಿದ್ದೇವೆ, ಕಕ್ಷಿದಾರನ ಹತ್ತಿರ ಮಾತಾಡಬೇಕು ಎಂದರು. ಊಟದ ನಂತರ ಪಿಳ್ಳಪ್ಪನನ್ನೇ ಕೇಳುತ್ತೇನೆ ಎಂದು ಮುನ್ಸೀಫರು ಎದ್ದು ಹೋದರು.

ಹೊರಗೆ ವಕೀಲರು ಪಿಳ್ಳಪ್ಪನನ್ನು ಮರದ ಕೆಳಗೆ ನಿಲ್ಲಿಸಿಕೊಂಡು ಬೈದರು. "ಬರೆದಿಲ್ಲ ಅಂದಿರಲ್ರೀ! ಇದೇನಿದು?"

"ಅದು ಮದ್ವೆ ಕಾಗ್ದ ಸ್ವಾಮಿ. ಗದ್ದೆ ಮಾತೇ ಇಲ್ಲ ಅದ್ರಲ್ಲಿ."

"ಮಗ ಅಂತ ಇದೆಯಲ್ಲ! ಮಗ ಅಂದ ಮೇಲೆ ಗದ್ದೆ ತಾನೇ ನಡೆದುಕೊಂಡು ಬರುತ್ತೆ." ವಕೀಲರು ಸುತ್ತ ನೋಡಿ ದನಿ ತಗ್ಗಿಸಿದರು. "ಕೇಳಿ, ಇನ್ನೂ ಒಂದು ದಾರಿ ಇದೆ. ಒಪ್ಪಿಗೆ ಅನ್ನೋದು ಚೊಕ್ಕವಾಗಿರಬೇಕು, ಎರಡು ಮಾತಿಗೆ ಎಡೆ ಇರಬಾರದು. ಅನುಮಾನ ಬಂದರೆ ಕೋರ್ಟು ಹಾಗೆ ತೀರ್ಪು ಕೊಡಲ್ಲ, ವಿಚಾರಣೆಗೇ ಕಳಿಸುತ್ತೆ. ಮದುವೆ ಮುರಿಯೋಕೆ ಕೋಪದಲ್ಲಿ ಸುಳ್ಳು ಬರೆದೆ ಅನ್ನಿ. ಅಷ್ಟೇ. ಸುಳ್ಳು ಬರೆದೆ. ಎರಡು ಪದ. ಎಂಟು ವರ್ಷ ಗದ್ದೆ ನಿಮ್ಮದು."

ವಕೀಲರು ಕಾಫಿಗೆ ಹೋದರು. ಪಿಳ್ಳಪ್ಪ ಆ ಎರಡು ಪದವನ್ನು ಬಾಯೊಳಗೆ ಹೊರಳಿಸಿ ನೋಡಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇದು ಸುಲಭ ಎನಿಸಿತು. ಸುಳ್ಳು ಹೇಳುವುದು ಅವನಿಗೆ ಹೊಸದಲ್ಲ. ಸುಳ್ಳು ಹೇಳಿದೆ ಎಂದು ಹೇಳುವುದು ಮಾತ್ರ ಅವನ ಐವತ್ತನಾಲ್ಕು ವರ್ಷದಲ್ಲಿ ನಡೆದಿರಲಿಲ್ಲ.

ಅಷ್ಟರಲ್ಲಿ ಚಿಕ್ಕಮಾರಯ್ಯ ಬಂದು ಎದುರಿಗೆ ನಿಂತ. ಅವನ ಹಿಂದೆ ಉಳಿದವರು.

"ಯಜಮಾನ್ರೆ, ಒಂದ್ ಮಾತು. ಜವಾಬಿನಲ್ಲಿ ಅವ್ನು ನಮ್ ಕುಲ ಅಲ್ಲ ಅಂತ ಬರೆಸಿದ್ದೀರಂತೆ. ಕಾಗ್ದದಲ್ಲಿ ನಮ್ ಕುಲ ಅಂತ ಬರ್ದಿದ್ದೀರ. ಯಾವ್ದು ಸುಳ್ಳು?"

"ಅದು ಕೋರ್ಟಿನ ಇಸ್ಯ. ನಿಂಗ್ಯಾಕೆ?"

"ನಂಗ್ಯಾಕೆ ಅಂದ್ರೆ?" ಚಿಕ್ಕಮಾರಯ್ಯನ ಮುಖ ಕೆಂಪಾಯಿತು. "ನನ್ ಮಗಳು ಲಕ್ಷ್ಮಿದೇವಮ್ಮನ ಸಂಬಂಧಾನೂ ಇಂಗೇ ನೀವೇ ಬಿಡಿಸಿದ್ರಿ. ಅಜ್ಜಿ ಕಡೆ ಕುಲ ಒಂದೇ ಅಂದ್ರಿ. ಚಪ್ಪರ ಇಳಿಸ್ದೆ. ಆ ಮಗೀನ ಇನ್ನೆಲ್ಲೋ ಕೊಟ್ಟೆ, ಅಲ್ಲಿ ಅನ್ನಕ್ಕೂ ಗತಿ ಇಲ್ಲ. ಈ ಕಾಗ್ದ ಸುಳ್ಳಾದ್ರೆ ಅದೂ ಸುಳ್ಳೇ ಇರ್ಬೋದು. ಮೂವತ್ತು ವರ್ಸ ನೀವು ಮುರ್ದಿದ್ದೆಲ್ಲಾನೂ ಒಂದೊಂದಾಗಿ ಕೇಳ್ತೀವಿ."

ಉಳಿದವರು ಹೂಂಗುಟ್ಟಿದರು. ಅವರ ಕಣ್ಣಲ್ಲಿ ಗೌರವದ ಸುಳಿವಿರಲಿಲ್ಲ. ಪಿಳ್ಳಪ್ಪನಿಗೆ ಸಿಟ್ಟು ನೆತ್ತಿಗೇರಿತು. ನಿನ್ನೆಯವರೆಗೆ ತನ್ನ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದವರು! ಅತ್ತ ದರಿ, ಇತ್ತ ಪುಲಿ ಎಂದರೆ ಇದೇ. ಸುಳ್ಳು ಎಂದರೆ ಗದ್ದೆ ಉಳಿಯುತ್ತದೆ, ಯಜಮಾನಿಕೆ ಹೋಗುತ್ತದೆ. ನಿಜ ಎಂದರೆ ಯಜಮಾನಿಕೆ ಉಳಿಯುತ್ತದೆ, ಗದ್ದೆ ಹೋಗುತ್ತದೆ.

ಮಧ್ಯಾಹ್ನ ಮುನ್ಸೀಫರು ಅವನನ್ನು ಮುಂದಕ್ಕೆ ಕರೆದು ಕಾಗದ ತೋರಿಸಿದರು.

"ಪಿಳ್ಳಪ್ಪನವರೇ, ಈ ಕೈಬರಹ, ಈ ರುಜು ನಿಮ್ಮದೇ?"

"ನಂದೇ ಸ್ವಾಮಿ."

"ಹಾಗಿದ್ದರೆ ನಿಮ್ಮ ಜವಾಬಿನಲ್ಲಿ ಬೇರೆ ಹೇಳಿದ್ದೀರಲ್ಲ. ಈ ಕಾಗದ ಕೋಪದಲ್ಲಿ ಬರೆದದ್ದು ಎಂದು ನಿಮ್ಮ ವಕೀಲರು ಹೇಳುತ್ತಿದ್ದಾರೆ. ಇದರಲ್ಲಿ ಬರೆದದ್ದು ನಿಜವೋ, ಸುಳ್ಳೋ? ಅವಸರವಿಲ್ಲ, ಯೋಚಿಸಿ ಹೇಳಿ."

ವಕೀಲರು ಕೆಮ್ಮಿದರು. ಪಿಳ್ಳಪ್ಪ ಬೆಂಚುಗಳ ಕಡೆ ತಿರುಗಿದ. ಚಿಕ್ಕಮಾರಯ್ಯ ಮುಂದಕ್ಕೆ ಬಗ್ಗಿ ಕೂತಿದ್ದ. ಗೋಡೆಯ ಹತ್ತಿರ ಪಟಾಲಮ್ಮ ಕೆಮ್ಮು ತಡೆದುಕೊಂಡಿದ್ದಳು. ಆ ಮುದುಕಿಯ ಮುಖ ನೋಡಿ ಅವನಿಗೆ ಹೇಸಿಗೆಯಾಯಿತು. ಬಾಗಿಲ ಹತ್ತಿರ ಗೌರಮ್ಮ ಎರಡು ಕೈಯನ್ನೂ ಎದೆಗೆ ಒತ್ತಿ ಹಿಡಿದಿದ್ದಳು, ತುಟಿ ಅಲ್ಲಾಡುತ್ತಿತ್ತು. ಇವಳೇ ತಾನೇ ಕಾಗದ ತಂದುಕೊಟ್ಟವಳು, ನಿಜ ಅನ್ನಲಿ ಎಂದು ದೇವರಿಗೆ ಹರಕೆ ಹೊರುತ್ತಿದ್ದಾಳೆ ಎಂದುಕೊಂಡ. ಆ ಎರಡು ಪದ ಬಾಯಿಯ ತನಕ ಬಂದಿದ್ದವು. ಈ ಹೆಂಗಸರ ಎದುರು, ಈ ಚಿಲ್ಲರೆ ಜನರ ಎದುರು, ಜಕ್ಕೂರಿನ ಪಿಳ್ಳಪ್ಪ ನಾನು ಸುಳ್ಳುಗಾರ ಅನ್ನಬೇಕೇ?

"ಸ್ವಾಮಿ," ಎಂದ, ಗೋಡೆಗೆ ಕೇಳುವಂತೆ. "ಬೇರೆ ಏನಾರ ಸುಳ್ಳು ಏಳಿರಬೋದು. ಕುಲದ ಇಸ್ಯದಲ್ಲಿ ಈ ನಾಲಗೇಲಿ ಸುಳ್ಳು ಬಂದಿಲ್ಲ. ಬರ್ದಿದ್ದೆಲ್ಲ ನಿಜ. ದೀಪ ಇಡ್ದೋನು ನಾನೇ. ಅವ್ನು ನಮ್ಮಪ್ಪನ ಮಗ."

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುನ್ಸೀಫರು ಆ ಮಾತನ್ನು ಬರೆದುಕೊಂಡು, ಓದಿ ಹೇಳಿ, ರುಜು ಹಾಕಿಸಿದರು.

"ಬರಿಯ ಪತ್ರದ ಮೇಲೆ ತೀರ್ಪು ಕೊಡಲು ನಾನು ಹಿಂದೆ ಮುಂದೆ ನೋಡುತ್ತಿದ್ದೆ. ಒಪ್ಪಿಗೆ ಇದೆ ಎಂದ ಮಾತ್ರಕ್ಕೆ ಕೊಡಲೇಬೇಕು ಎಂದೇನೂ ಇಲ್ಲ, ಅದು ಕೋರ್ಟಿನ ವಿವೇಚನೆ. ಈಗ ಪ್ರತಿವಾದಿ ತೆರೆದ ನ್ಯಾಯಾಲಯದಲ್ಲಿ ತಾನೇ ಒಪ್ಪಿದ್ದಾನೆ. ಸಾಬೀತು ಮಾಡಲು ಇನ್ನೇನೂ ಉಳಿದಿಲ್ಲ. ವಾದಿಗೆ ಅರ್ಧ ಭಾಗವಿದೆ ಎಂದು ಪ್ರಾಥಮಿಕ ಡಿಕ್ರಿ ಆಗಲಿ."

ಎಂಟು ವರ್ಷ ಎಂದುಕೊಂಡದ್ದು ಎಂಟು ನಿಮಿಷದಲ್ಲಿ ಮುಗಿಯಿತು.

ಹೊರಗೆ ಚಿಕ್ಕಮಾರಯ್ಯ ಅವನಿಗೆ ಕೈ ಮುಗಿದು ದಾರಿ ಬಿಟ್ಟ. ಪಿಳ್ಳಪ್ಪ ಎದೆ ಸೆಟೆಸಿ ಮೆಟ್ಟಿಲಿಳಿದ. ಗದ್ದೆ ಹೋದರೂ ಮಾತು ಉಳಿಯಿತು ಎಂದು ತನಗೆ ತಾನೇ ಹೇಳಿಕೊಂಡ. ಕೆಳಗೆ ಪಟಾಲಮ್ಮ ಮಗನ ತೋಳು ಹಿಡಿದು ಕಾದಿದ್ದಳು.

"ಇಪ್ಪತ್ತು ಜನದ ಎದ್ರುಗೆ ನನ್ನ ಸೂಳೆ ಅಂದೆ. ಇವತ್ತು ನಿನ್ ಬಾಯಲ್ಲೇ ನಿಮ್ಮಪ್ಪನ ಎಂಡ್ತಿ ಅನ್ನಿಸ್ದೆ," ಅಂದಳು. "ನಂಗೆ ಗದ್ದೆ ಬೇಕಿರ್ಲಿಲ್ಲ ಕಣೋ, ಈ ಮಾತು ಬೇಕಿತ್ತು. ನಾನ್ ಸತ್ತಾಗ ನೀನು ಬರ್ಬ್ಯಾಡ. ಬಂದ್ರೆ ಎಣ ಎದ್ದು ಉಗೀತದೆ."

ಪಿಳ್ಳಪ್ಪ ಅವಳ ಕಡೆ ನೋಡದೆ ನೆಲಕ್ಕೆ ಉಗಿದು ಮುಂದೆ ನಡೆದ. ಗೇಟಿನ ಹತ್ತಿರ ಗೌರಮ್ಮ ಅಡ್ಡ ಬಂದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಗೆದ್ದವಳು ಯಾಕೆ ಅಳುತ್ತಾಳೆ ಎಂದು ಅವನಿಗೆ ಅರ್ಥವಾಗಲಿಲ್ಲ.

"ಯಾಕೇ? ಕಾಗ್ದ ಕೊಟ್ಟು ನನ್ ಗದ್ದೆ ಕಿತ್ಕೊಂಡೆ. ಇನ್ನೇನ್ ಬೇಕು?"

"ಗದ್ದೆ ಕಿತ್ಕೊಳ್ಳಾಕೆ ಕೊಡ್ಲಿಲ್ಲ ಯಜಮಾನ್ರೆ." ಅವಳು ಮೂಗು ಒರೆಸಿಕೊಂಡಳು. "ಅವ್ನು ನಮ್ ಕುಲ ಅಲ್ಲ ಅಂತ ನೀವು ಕೋರ್ಟಿನಲ್ಲಿ ಬರೆಸಿದ್ದೀರ ಅಂತ ಕೇಳ್ದೆ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಅಷ್ಟು ಸಂತೋಸ. ಅಂಗಾದ್ರೆ ಕಾಗ್ದ ಸುಳ್ಳು ಅಲ್ವಾ? ಎರಡನ್ನೂ ನಿಮ್ ಮುಂದಿಟ್ಟು ಕೇಳಿದ್ರೆ, ಗದ್ದೆ ಆಸೆಗಾದ್ರೂ ಕಾಗ್ದ ಸುಳ್ಳು ಅಂತೀರ ಅಂದ್ಕೊಂಡೆ. ಗದ್ದೆ ನಿಮಗೇ ಉಳೀತಿತ್ತು. ಅವರು ನನಗೆ ಉಳೀತಿದ್ರು. ಅಲ್ಲಿ ನಿಂತು ಸುಳ್ಳು ಅನ್ನಿ, ಸುಳ್ಳು ಅನ್ನಿ ಅಂತ ದೇವ್ರನ್ನ ಬೇಡ್ಕೊಂಡೆ."

ಪಿಳ್ಳಪ್ಪ ತಿರುಗಿ ನೋಡಿದ. ಚಿಕ್ಕಬೈರಪ್ಪ ತಾಯಿಯನ್ನು ಹಿಡಿದುಕೊಂಡು ಅಲ್ಲೇ, ಎರಡು ಮಾರು ದೂರದಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ತಾಯಿಯ ಹೆಸರು ಗೆಲ್ಲಿಸಲು ಅವನು ಏನು ಕೈ ಬಿಟ್ಟು ಬಂದಿದ್ದನೋ ಅದು ಅವನಿಗೆ ದಾವಾ ಹಾಕುವ ದಿನವೇ ಗೊತ್ತಿತ್ತು. ಮುಖ ನೋಡಿದರೆ ಸಾಕಿತ್ತು.

ಗೌರಮ್ಮ ಅವನ ಹತ್ತಿರ ಹೋಗಿ, ಬಗ್ಗಿ ಪಟಾಲಮ್ಮನ ಕಾಲು ಮುಟ್ಟಿದಳು. ಎದ್ದು ಅವನ ಮುಖ ನೋಡಿದಳು.

"ಬತ್ತೀನಿ ಅಣ್ಣ," ಅಂದಳು.

ಹತ್ತು ವರ್ಷದಲ್ಲಿ ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಅವಳು ತುಮಕೂರು ರಸ್ತೆಯ ಬಸ್ಸಿಗೆ ಹೊರಟಳು, ಒಂದು ಸಲವೂ ತಿರುಗಲಿಲ್ಲ. ಪಿಳ್ಳಪ್ಪ ನೋಡುತ್ತಾ ನಿಂತ. ಅವನು ಅಂದು ಕೂತು ಕಾಗದ ಬರೆದದ್ದು 'ಅಣ್ಣ' ಎಂಬ ಈ ಒಂದು ಪದಕ್ಕಾಗಿಯೇ. ಅದು ಇವತ್ತು ತೂಬಿನ ಗದ್ದೆಯನ್ನೂ ಹೊತ್ತುಕೊಂಡು ಹೋಯಿತು.